ಕಡಿಮೆ ಖರ್ಚಿನ ಪುಷ್ಟಿಕರ ಉಪಾಹಾರ: ಕಾಗಿಣಾ ಸೀಮೆಯ ಕಾಳುಗಳ ವಿಚಾರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದು ಊರುಗಳ ಸೀಮೆಯು ಇತಿಹಾಸದ ವಿದ್ಯಾರ್ಥಿಗಳಿಗೆ ಅಪರಿಚಿತವಾದುದಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಶಹಾಬಾದಿನ ಹಾಸುಗಲ್ಲು, ವಾಡಿಯ ಸಿಮೆಂಟು ಇವು ಈಚಿನ ಕಾಲದ ಉದ್ಯಮಗಳು. ಇವುಗಳಷ್ಟೇ ಗಣ್ಯವಾದುದು ಇಲ್ಲಿನ ಕರಿಮಣ್ಣಿನ ತೊಗರಿ. 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಹೀಗಿದ್ದರೂ 2021ರ ಡಿಸೆಂಬರಿನಲ್ಲಿ ಸರ್ಕಾರವು ಶಾಲಾಮಕ್ಕಳಿಗೆ ಮೊಟ್ಟೆ ಕೊಡುವ ಯೋಜನೆಯನ್ನು ಏಳು ಜಿಲ್ಲೆಗಳಲ್ಲಿ ಆರಂಭಿಸಿದಾಗ ಅವುಗಳಲ್ಲಿ ಕಲಬುರಗಿಯೂ ಒಂದಾಗಿತ್ತು. ಅಪೌಷ್ಟಿಕತೆಯ ನಿವಾರಣೆಯೇ ಅದರ ಉದ್ದೇಶ. ಕಾಳಿನ ಕಣಜವೆನಿಸಿದ ನಾಡಿನಲ್ಲಿಯೇ ಪುಷ್ಟಿಯ ಕೊರತೆಯೇಕೆ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುವುದು.

ತೊಗರಿಯು ರೈತನಿಗೆ ಮಾರಾಟದ ಬೆಳೆ. ಬೆಳೆದುದರಲ್ಲಿ ಬಹುಭಾಗವು ಅಡತಿಗೆ ಹೋಗುವುದು. ಇದು ಉತ್ತರದ ಒಂದು ಭಾಗ. ಇನ್ನೊಂದು ಭಾಗವು ಎರಡು ಊಟಗಳ ನಡುವಿನ ತಿನಿಸಿನಲ್ಲಿದೆ. ಮುಂಜಾನೆಯ ರೈಲಿಗೆ ಹೊರಟು ಸಂಜೆ ಮನೆ ಸೇರುವ ವಿದ್ಯಾರ್ಥಿಯೂ, ಕಲ್ಲುಗಣಿಯ ಕೂಲಿಕಾರನೂ ನಡುಹಗಲಿನ ಹಸಿವನ್ನು ಚಹಾ, ಬಿಸ್ಕತ್ತು, ಪೊಟ್ಟಣದ ಕರಿದ ತಿಂಡಿಗಳಿಂದ ತಣಿಸುವುದುಂಟು. ಹಣವೂ ವೆಚ್ಚವಾಗುವುದು, ಹಸಿವೆಯೂ ಬೇಗನೆ ಮರಳುವುದು.

ಸಸಾರಜನಕ, ಅಂದರೆ ಪ್ರೋಟೀನು, ನಮಗೆಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಂ. ಐವತ್ತು ಕಿಲೋ ತೂಕದವರಿಗೆ ಸುಮಾರು 42 ಗ್ರಾಂ ಆಯಿತು. ದಕ್ಷಿಣದವರು ಹುರಿಗಡಲೆಯೆನ್ನುವ ಪುಟಾಣಿಯ 50 ಗ್ರಾಮಿನಲ್ಲಿ ಸುಮಾರು 11 ಗ್ರಾಂ, ಅಷ್ಟೇ ಶೇಂಗಾದಲ್ಲಿ 12 ಗ್ರಾಮಿಗೂ ತುಸು ಹೆಚ್ಚು ಸಸಾರಜನಕವಿದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಆದರೆ 50 ಗ್ರಾಂ ಚುರಮುರಿಯಲ್ಲಿ 4 ಗ್ರಾಂ ಕೂಡ ಇಲ್ಲ. ಎರಡು ಹಿಡಿ ಪುಟಾಣಿಯಿಂದಲೇ ದಿನದ ಅಗತ್ಯದ ನಾಲ್ಕನೆಯ ಒಂದು ಪಾಲು ಪೂರೈಸಿದಂತಾಗುವುದು. ಧಾರಣೆಯು ಸಂತೆಯಿಂದ ಸಂತೆಗೆ ಬದಲಾಗುತ್ತಿದ್ದರೂ ಲೆಕ್ಕದ ಕ್ರಮವು ಬದಲಾಗದು: ತಿನಿಸಿನ ಬೆಲೆಯನ್ನು ಅದರಲ್ಲಿರುವ ಸಸಾರಜನಕದ ಗ್ರಾಮುಗಳಿಂದ ಭಾಗಿಸಿದರೆ ಯಾವುದು ನಿಜವಾಗಿ ಅಗ್ಗವೆಂಬುದು ತಿಳಿಯುವುದು.

ಕಾಳುಗಳಲ್ಲಿ ನಾರಿನಂಶವೂ ಅಧಿಕವಾಗಿರುವುದರಿಂದ ಅವು ನಿಧಾನವಾಗಿ ಜೀರ್ಣವಾಗಿ ಹೊಟ್ಟೆ ತುಂಬಿದ ಭಾವವನ್ನು ಬಹುಹೊತ್ತು ಉಳಿಸುವುವು. ಇನ್ನೊಂದು ಸಂಗತಿಯುಂಟು. ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲವು ಕಡಿಮೆ. ಕಾಳುಗಳಲ್ಲಿ ಅದು ಹೇರಳ. ಕಾಳುಗಳಲ್ಲಿ ಕೊರತೆಯಾಗಿರುವ ಮೆಥಿಯೋನಿನ್ ಧಾನ್ಯಗಳಿಂದ ಒದಗುವುದು. ಆದುದರಿಂದ ಜೋಳದ ರೊಟ್ಟಿಯೂ ಕಾಳಿನ ಪಲ್ಯವೂ ಒಂದರ ಕೊರತೆಯನ್ನು ಇನ್ನೊಂದು ತುಂಬುವ ಜೋಡಿಯಾಗಿವೆ. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯವು ಅಪೌಷ್ಟಿಕತೆಗೆ ಪರಿಹಾರವಾಗಿ ರೂಪಿಸಿದ ‘ಬಹೂಪಯೋಗಿ ಆಹಾರ’ಕ್ಕೆ ಆಧಾರವಾದುವು ಶೇಂಗಾಹಿಟ್ಟು ಮತ್ತು ಕಡಲೆಹಿಟ್ಟು. ಸಂತೆಯಲ್ಲಿ ಕಾಗದದ ಪೊಟ್ಟಣದೊಳಗೆ ದೊರೆಯುವ ಶೇಂಗಾ-ಪುಟಾಣಿಗಳ ಜೋಡಿಯೂ ಇದೇ ಅಲ್ಲವೆ?

ಪ್ರಾಚೀನ ಗ್ರಂಥಗಳಲ್ಲಿ ಆಹಾರದ ವಿಚಾರಕ್ಕೆ ಸ್ಥಾನವಿಲ್ಲದಿಲ್ಲ. ಚಾವುಂಡರಾಯನ ‘ಲೋಕೋಪಕಾರ’ವೂ (1025), ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವೂ ಪಾಕವಿಷಯವನ್ನು ಹೇಳುವುವು. ಆದರೆ ‘ಮಾನಸೋಲ್ಲಾಸ’ವು ವರ್ಣಿಸುವುದು ಅರಸನ ಭೋಗವನ್ನು, ಕೂಲಿಕಾರನ ಬುತ್ತಿಯನ್ನಲ್ಲ. ಆ ಬುತ್ತಿಯ ತಿಳಿವಳಿಕೆಯು ಆಚರಣೆಗಳಲ್ಲಿ ಉಳಿದುಬಂದಿದೆ. ಈ ಸೀಮೆಯ ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಕುಳಿತು ಉಣ್ಣುವ ಭಜ್ಜಿಯನ್ನು ನೋಡಬಹುದು: ಹಸಿ ತೊಗರಿ, ಹಸಿ ಕಡಲೆ, ಶೇಂಗಾ, ಕಾಯಿಪಲ್ಯ, ಸೊಪ್ಪುಗಳನ್ನು ಬೇಯಿಸಿ ಕಡಲೆಹಿಟ್ಟು ಬೆರೆಸಿ, ಸಜ್ಜೆರೊಟ್ಟಿಯೊಡನೆ ಉಣ್ಣುವರು. ಧಾನ್ಯವೂ ಕಾಳೂ ಕೂಡಬೇಕೆಂಬ ತತ್ತ್ವವನ್ನು ರೈತನು ಪ್ರಯೋಗಶಾಲೆಯ ನೆರವಿಲ್ಲದೆಯೇ ಕಂಡುಕೊಂಡಿದ್ದನು.

ಇದನ್ನು ನಿತ್ಯಜೀವನಕ್ಕೆ ಅನ್ವಯಿಸುವುದು ಕಷ್ಟವೇನಲ್ಲ. ಮಡಕಿ ಅಥವಾ ಹೆಸರುಕಾಳನ್ನು ರಾತ್ರಿ ನೆನೆಯಿಟ್ಟು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಈರುಳ್ಳಿಯೊಡನೆ ಒಗ್ಗರಣೆ ಹಾಕಿದರೆ ಉಸುಳಿ ಸಿದ್ಧ. ಮೊಳಕೆಯಿಂದ ಸಿ ಜೀವಸತ್ತ್ವವೂ ಹೆಚ್ಚುವುದು. ಶೇಂಗಾಹಿಂಡಿ ಸವರಿ ಸುತ್ತಿದ ರೊಟ್ಟಿಯು ಕೆಡದೆ ಸಂಜೆಯವರೆಗೆ ಇರುವುದು. ಚಳಿಗಾಲದಲ್ಲಿ ಬೇಯಿಸಿದ ತೊಗರಿಕಾಯಿಯೂ ಆದೀತು. ಚುರಮುರಿಯೇ ಬೇಕೆನ್ನುವವರು ಅದಕ್ಕೆ ಪುಟಾಣಿ, ಶೇಂಗಾಗಳನ್ನು ಧಾರಾಳವಾಗಿ ಬೆರೆಸಲಿ. ಬೂಷ್ಟು ಹಿಡಿದ ಶೇಂಗಾವನ್ನು ಮಾತ್ರ ಎಸೆಯಬೇಕು. ಅದರಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರುವ ಸಂಭವವುಂಟು.

ಕಾಲೇಜುಗಳ ಉಪಾಹಾರಗೃಹಗಳಲ್ಲಿಯೂ ವಿದ್ಯಾರ್ಥಿನಿಲಯಗಳಲ್ಲಿಯೂ ದಿನಕ್ಕೊಂದು ಕಾಳಿನ ಉಸುಳಿಯನ್ನು ಅಲ್ಪ ಬೆಲೆಗೆ ಒದಗಿಸಿದರೆ ಮಧ್ಯಾಹ್ನದ ಪಾಠವನ್ನು ಹಸಿದ ಹೊಟ್ಟೆಯಲ್ಲಿ ಕೇಳುವವರ ಸಂಖ್ಯೆ ಕಡಿಮೆಯಾಗುವುದು. ನಾಡು ಬೆಳೆದ ಕಾಳು ನಾಡಿನ ಮಕ್ಕಳ ಬುತ್ತಿಗೂ ಸೇರಬೇಕೆಂಬುದೇ ನಮ್ಮ ಅಭಿಪ್ರಾಯ.