ಊರಿಗೊಂದು ಕಾಗದ, ಅದಕ್ಕೊಂದು ಅಂಚೆ ಚೀಟಿ

ಊರಿನಲ್ಲಿರುವ ಅಜ್ಜ ಅಜ್ಜಿಯೊಡನೆ ನಾವೆಲ್ಲ ಫೋನಿನಲ್ಲಿ ಮಾತನಾಡುತ್ತಲೇ ಇರುತ್ತೇವೆ. ಆದರೆ ಮೊಮ್ಮಗಳು ಕೈಯಾರೆ ಬರೆದ ಕಾಗದವನ್ನು ಅಂಚೆಯಣ್ಣ ತಂದುಕೊಟ್ಟರೆ ಅಜ್ಜಿ ಅದನ್ನು ಪಕ್ಕದ ಮನೆಯವರಿಗೂ ತೋರಿಸಿ ಬರುತ್ತಾರೆ. ಅಂಥ ಕಾಗದ ದುಬೈಯಿಂದ ಊರು ಸೇರಬೇಕಾದರೆ ಅಂಚೆ ಚೀಟಿಯ ವಿಷಯ ಸ್ವಲ್ಪ ತಿಳಿದಿರಬೇಕು.

ಸಾಗಣೆಯ ಹಣವನ್ನು ಮೊದಲೇ ಕೊಟ್ಟಾಗಿದೆ ಎಂಬುದಕ್ಕೆ ಅಂಚೆ ಚೀಟಿಯೇ ಗುರುತು. ಹಿಂದೆ ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಕಾಗದ ಪಡೆದವರೇ ಹಣ ಕೊಡಬೇಕಿತ್ತು. ದೂರ ಹೆಚ್ಚಿದಂತೆ ದರವೂ ಏರುತ್ತಿತ್ತು. ರೋಲಂಡ್ ಹಿಲ್ ಅವರ ಸಲಹೆಯಂತೆ 1840ರ ಮೇ ತಿಂಗಳಲ್ಲಿ ಒಂದು ಪೆನ್ನಿಯ 'ಪೆನ್ನಿ ಬ್ಲ್ಯಾಕ್' ಚೀಟಿ ಬಂದಿತು. ಬ್ರಿಟಿಷ್ ಭಾರತದಲ್ಲಿ 1854ರಿಂದ ಕಾಲು ತೊಲ ತೂಕದ ಕಾಗದಕ್ಕೆ, ಎಷ್ಟೇ ದೂರವಿರಲಿ, ಅರ್ಧ ಆಣೆಯ ಚೀಟಿ ಸಾಕಾಯಿತು. ದೂರದ ಲೆಕ್ಕ ಹೋಗಿ ತೂಕದ ಲೆಕ್ಕ ಉಳಿಯಿತು.

ಊರಿಂದ ತಂದ ಭಾರತದ ಚೀಟಿಯನ್ನು ಇಲ್ಲಿ ಹಚ್ಚಬಹುದೇ? ಆಗದು. ಕಾಗದವನ್ನು ಯಾವ ದೇಶದಲ್ಲಿ ಅಂಚೆಗೆ ಹಾಕುತ್ತೇವೆಯೋ ಆ ದೇಶದ ಚೀಟಿಯೇ ಬೇಕು. 1874ರಲ್ಲಿ ಬರ್ನ್ ನಗರದಲ್ಲಿ 22 ದೇಶಗಳು ಮಾಡಿಕೊಂಡ ಒಪ್ಪಂದದಿಂದ ಇಂದಿನ ವಿಶ್ವ ಅಂಚೆ ಒಕ್ಕೂಟ ಹುಟ್ಟಿತು. ಭಾರತ 1876ರಲ್ಲಿ ಸೇರಿತು. ಹೀಗಾಗಿ ಇಲ್ಲಿ ಕೊಟ್ಟ ದಿರ್ಹಮ್‌ಗೆ ಅಲ್ಲಿಯ ಅಂಚೆಯಣ್ಣ ಅಜ್ಜಿಯ ಮನೆ ಬಾಗಿಲವರೆಗೆ ನಡೆಯುತ್ತಾನೆ. ಚೀಟಿಯ ಬೆಲೆ ಕಡಿಮೆಯಾದರೆ ಲಕೋಟೆಯ ಮೇಲೆ 'ಟಿ' ಅಕ್ಷರದ ಮುದ್ರೆ ಬಿದ್ದು, ಬಾಕಿ ಹಣವನ್ನು ಅಜ್ಜಿಯಿಂದಲೇ ಕೇಳಬಹುದು. ಫೋಟೋ, ರಾಖಿ ಏನಾದರೂ ಸೇರಿಸಿದ್ದರೆ ಕೌಂಟರಿನಲ್ಲಿ ತೂಗಿಸಿಯೇ ಚೀಟಿ ಹಚ್ಚೋಣ.

ಒಂದು ಸ್ವಾರಸ್ಯವಿದೆ. ಭಾರತದ ಚೀಟಿ ದುಬೈಯಲ್ಲಿ ನಡೆಯುತ್ತಿದ್ದ ಕಾಲವೂ ಇತ್ತು! ಮಸ್ಕತ್‌ನಲ್ಲಿ 1864ರಲ್ಲಿ, ದುಬೈಯಲ್ಲಿ 1909ರಲ್ಲಿ ಭಾರತೀಯ ಅಂಚೆ ಕಚೇರಿಗಳು ತೆರೆದವು. ಬಹ್ರೇನ್‌ನಲ್ಲಿ 1933ರಿಂದ ಭಾರತದ ಚೀಟಿಯ ಮೇಲೆ ಆ ನಾಡಿನ ಹೆಸರನ್ನು ಅಚ್ಚೊತ್ತಿ ಮಾರಿದರು. ದುಬೈಯಲ್ಲಿ ಅದೂ ಇರಲಿಲ್ಲ. ಬೆಂಗಳೂರಿನ ಚೀಟಿ, ದುಬೈಯ ಚೀಟಿ ಎರಡೂ ಒಂದೇ. ಊರು ಯಾವುದೆಂದು ಹೇಳುವುದು ಅಂಚೆ ಮುದ್ರೆ ಮಾತ್ರ. ಅಜ್ಜನ ಹಳೆಯ ಪೆಟ್ಟಿಗೆಯಲ್ಲಿ ಅಂಥ ಲಕೋಟೆ ಸಿಕ್ಕರೆ ದಯವಿಟ್ಟು ಚೀಟಿಯನ್ನು ಕಿತ್ತು ಆಲ್ಬಂಗೆ ಅಂಟಿಸಬೇಡಿ. ಲಕೋಟೆಯನ್ನೇ ಇಡಿ.

ಇನ್ನು ವಿಳಾಸ. ಚೀಟಿ ಬಲಗಡೆಯ ಮೇಲಿನ ಮೂಲೆಗೆ. ವಿಳಾಸವನ್ನು ಇಂಗ್ಲಿಷಿನಲ್ಲಿ ಬರೆದು, ಕೊನೆಯ ಸಾಲಿನಲ್ಲಿ ದೊಡ್ಡಕ್ಷರಗಳಲ್ಲಿ ಇಂಡಿಯಾ ಎಂದಿರಲಿ. ಜೊತೆಗೆ ಕನ್ನಡದಲ್ಲೂ ಬರೆದರೆ ಹಳ್ಳಿಯ ಅಂಚೆಯವರಿಗೆ ಸಲೀಸು. ಒಂದೇ ಹೆಸರಿನ ಹಳ್ಳಿಗಳು ನಮ್ಮಲ್ಲಿ ಎಷ್ಟೋ ಇವೆ. ತಾಲ್ಲೂಕು, ಜಿಲ್ಲೆ, ಆರು ಅಂಕಿಯ ಪಿನ್ ಕೋಡ್ ಬಿಡಬಾರದು. 1972ರ ಆಗಸ್ಟ್ 15ರಂದು ಪಿನ್ ಕೋಡ್ ಜಾರಿಗೆ ಬಂದದ್ದೇ ಈ ಗೊಂದಲ ತಪ್ಪಿಸಲು.

ಅಜ್ಜಿ ಉತ್ತರ ಬರೆಯುವಾಗ ಭಾರತದ ಚೀಟಿ ಹಚ್ಚುತ್ತಾರೆ. ಇಲ್ಲಿ ಕಟ್ಟಡದ ಹೆಸರಿಗಿಂತ ಪೋಸ್ಟ್ ಬಾಕ್ಸ್ ಸಂಖ್ಯೆ ಮುಖ್ಯ. ಅಪ್ಪನ ಕಚೇರಿಯ ಸಂಖ್ಯೆಯನ್ನು ಕೇಳಿಕೊಂಡು ಕಾಗದದ ಕೊನೆಯಲ್ಲಿ ದೊಡ್ಡದಾಗಿ ಬರೆದು ಕಳಿಸಿ.