ಕಾಫಿ ಸಸಿಗಳ ಚೀಲಕ್ಕೆ ಅಲ್ಪವೆಚ್ಚದ ಮಣ್ಣಿನ ಮಿಶ್ರಣ

ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸದ ಕಡೆಯ ತೋಟಗಳಲ್ಲಿ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಕಾಫಿ ಬೀಜವನ್ನು ಪಾತಿಗೆ ಹಾಕಿ, ಸುಮಾರು ಒಂದೂವರೆ ತಿಂಗಳಲ್ಲಿ ಮೊಳೆತ ಸಸಿಗಳನ್ನು ಪಾಲಿಥೀನ್ ಚೀಲಗಳಿಗೆ ಕೀಳಿಸಿ ನೆಡುವುದು ವಾಡಿಕೆಯಾಗಿದೆ. ಚೀಲಕ್ಕೆ 6 ಭಾಗ ಕಾಡುಮಣ್ಣು, 2 ಭಾಗ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 1 ಭಾಗ ಸಣ್ಣ ಮರಳು ಎಂಬ ಪ್ರಮಾಣವು ಬಹುಕಾಲದಿಂದ ರೂಢಿಯಲ್ಲಿದೆ. ಇದನ್ನು ತೂಕದಿಂದಲ್ಲ, ಬಾಂಡ್ಲಿಯ ಅಳತೆಯಿಂದ ಹಿಡಿಯತಕ್ಕದ್ದು.

ಈಗಿನ ಕಷ್ಟವೇನೆಂದರೆ, ಈ ಮೂರು ವಸ್ತುಗಳೂ ಸುಲಭವಾಗಿ ಒದಗುತ್ತಿಲ್ಲ. ಸರಕಾರದ ಅರಣ್ಯದಿಂದ ಅನುಮತಿಯಿಲ್ಲದೆ ಮೇಲ್ಮಣ್ಣನ್ನು ತೆಗೆಯುವುದು ಅಪರಾಧವಾಗಿದೆ. ಅನೇಕ ಮನೆಗಳಲ್ಲಿ ದನಕರುಗಳು ಕಡಿಮೆಯಾಗಿವೆ. ಮರಳಿನ ಬೆಲೆಯೋ ಹೇಳತೀರದು. ಆದಕಾರಣ ಬದಲಿಯನ್ನು ಹುಡುಕುವುದು ತಪ್ಪಲ್ಲ. ಆದರೆ ಯಾವ ವಸ್ತು ಯಾವ ಕೆಲಸಕ್ಕೆಂದು ತಿಳಿಯದೆ, ಕೈಗೆ ಸಿಕ್ಕಿದ್ದನ್ನು ತುಂಬಿಸಿದರೆ ಉಳಿತಾಯವೇ ನಷ್ಟವಾಗುವುದು. ಹಲವು ದಶಕಗಳ ಕಾಲ ನಿಲ್ಲಬೇಕಾದ ಗಿಡದ ತಾಯಿಬೇರು ಈ ಚೀಲದೊಳಗೇ ರೂಪುಗೊಳ್ಳುತ್ತದೆ. ಗಟ್ಟಿಮಣ್ಣಿನಲ್ಲಿ ಡೊಂಕಾದ ಬೇರನ್ನು ಮುಂದೆ ಯಾವ ಗೊಬ್ಬರವೂ ನೆಟ್ಟಗೆ ಮಾಡಲಾರದು.

ಕಾಡುಮಣ್ಣಿಗೆ ಬದಲಾಗಿ ತೋಟದೊಳಗಿನ ನೆರಳುಮರಗಳ ಬುಡದ, ಎಲೆ ಕೊಳೆತು ಕಪ್ಪಾದ ಮೇಲ್ಮಣ್ಣು ಯೋಗ್ಯವಾಗಿದೆ. ಬೇರುರೋಗದಿಂದಾಗಲಿ ಜಂತುಹುಳುಗಳಿಂದಾಗಲಿ ಗಿಡ ಸತ್ತ ಜಾಗದ ಮಣ್ಣನ್ನು ಮಾತ್ರ ಮುಟ್ಟಕೂಡದು. ಒಂದು ಮೂಲೆಯ ರೋಗವನ್ನು ಇಡೀ ತೋಟಕ್ಕೆ ಹಂಚಿದಂತಾಗುವುದು. ತಂದ ಮಣ್ಣನ್ನು ಜರಡಿಯಾಡಿಸಿ, ತೆಳುವಾಗಿ ಹರಡಿ, ಕೆಲವು ದಿನ ಬಿಸಿಲಿಗೆ ಒಣಗಿಸುವುದು ಉತ್ತಮ.

ಗೊಬ್ಬರದ ಸ್ಥಾನಕ್ಕೆ ಕಾಫಿಯ ಸಿಪ್ಪೆ ಪ್ರತಿ ತೋಟದಲ್ಲಿಯೂ ಪುಕ್ಕಟೆಯಾಗಿ ದೊರೆಯುತ್ತದೆ. ಇದನ್ನು ಹಸಿಯಾಗಿ ಉಪಯೋಗಿಸಿದವರು ಪಶ್ಚಾತ್ತಾಪಪಡುತ್ತಾರೆ. ಕೊಳೆಯುವಾಗ ಅದು ಕಾವೇರಿ ಎಳೆಯ ಬೇರುಗಳನ್ನು ಸುಡುವುದಲ್ಲದೆ, ಕೊಳೆಸುವ ಸೂಕ್ಷ್ಮಜೀವಿಗಳು ಸಸಿಗೆ ಬೇಕಾದ ಸಾರಜನಕವನ್ನೇ ಕಸಿದುಕೊಂಡು ಎಲೆಗಳು ಹಳದಿಯಾಗುತ್ತವೆ. ಸ್ವಲ್ಪ ಸಗಣಿನೀರು ಚಿಮುಕಿಸಿ, ಗುಂಡಿಯಲ್ಲಿ ಹಲವು ತಿಂಗಳು ಇಟ್ಟು, ಆಗಾಗ ಮಗುಚಿ, ಸಿಪ್ಪೆಯ ಗುರುತು ಸಿಗದಂತೆ ಕರಗಿ ತಣ್ಣಗಾದ ಮೇಲೆಯೇ ಬಳಸತಕ್ಕದ್ದು. ಬಯಲುಸೀಮೆಯಿಂದ ಬರುವ ತೆಂಗಿನ ನಾರಿನ ಹುಡಿಗೂ ಇದೇ ಮಾತು ಸಲ್ಲುತ್ತದೆ. ಅದರಲ್ಲಿ ಉಪ್ಪಿನ ಅಂಶವಿರಬಹುದಾದುದರಿಂದ ಮೊದಲು ಸಿಹಿನೀರಿನಲ್ಲಿ ತೊಳೆಯಬೇಕು. ಅದು ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿಯುವುದು ಬೇಸಿಗೆಯಲ್ಲಿ ಗುಣ; ಕಳಸದ ಮಳೆ ಹಿಡಿದ ಮೇಲೆ ಅದೇ ದೋಷ. ತೇವ ಹೆಚ್ಚಿದ ಚೀಲದಲ್ಲಿ ಸಸಿಯ ಕುತ್ತಿಗೆ ಕೊಳೆಯುವ ರೋಗ ಬೇಗ ತಗಲುತ್ತದೆ.

ಮರಳಿನ ಕೆಲಸ ನೀರನ್ನು ಬಸಿದು ಗಾಳಿಗೆ ಎಡೆಮಾಡುವುದು. ಬೂದಿಯಾಗಗೊಡದೆ ಕರಿಕಾಗಿ ಸುಟ್ಟ ಭತ್ತದ ಹೊಟ್ಟು ಇದನ್ನು ನಿರ್ವಹಿಸಬಲ್ಲದು; ಚೀಲವೂ ಹಗುರವಾಗಿ, ಆಳುಗಳಿಗೆ ಹೊರುವ ಶ್ರಮ ತಗ್ಗುವುದು. ಒಲೆಯ ಬೂದಿಯನ್ನು ಧಾರಾಳವಾಗಿ ಸುರಿಯುವುದು ಬೇರೆ ಸಂಗತಿ. ಅದು ಕ್ಷಾರವಾದುದು, ಕಾಫಿಗಾದರೋ ಅಲ್ಪ ಹುಳಿಮಣ್ಣೇ ಹಿತ. ಜಪಾನಿನಲ್ಲಿ ಕುಂಡದ ಕುಬ್ಜವೃಕ್ಷಗಳಿಗೆ ಹರಳುಹರಳಾದ ಜ್ವಾಲಾಮುಖಿಯ ಮಣ್ಣನ್ನು ಬಳಸುವುದೂ ಈ ಬಸಿಯುವ ಗುಣಕ್ಕಾಗಿಯೇ. ಅಂಥ ಕುಂಡಗಳನ್ನು ಮನೆಯಂಗಳದಲ್ಲಿಟ್ಟವರು ದುಬಾರಿ ಸರಕನ್ನು ತರಿಸದೆ, ಒಡೆದ ಮಂಗಳೂರು ಹಂಚನ್ನು ಕುಟ್ಟಿ, ಧೂಳು ಜರಡಿಯಾಡಿ, ಹರಳನ್ನಷ್ಟೇ ಉಪಯೋಗಿಸಬಹುದು.

ಹೊಸ ಮಿಶ್ರಣವನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು. ಬಳಿಕ ತೂತುಗಳಿರುವ ಒಂದು ಚೀಲಕ್ಕೆ ತುಂಬಿ ನೀರೆರೆದು ನೋಡತಕ್ಕದ್ದು. ನೀರು ಮೇಲೆಯೇ ನಿಂತರೆ ಸುಟ್ಟ ಹೊಟ್ಟನ್ನು ಇನ್ನಷ್ಟು ಸೇರಿಸಬೇಕು. ಇಷ್ಟಾದರೂ ಮೊದಲನೆಯ ವರ್ಷ ಎಲ್ಲ ಚೀಲಗಳನ್ನೂ ಹೊಸ ಮಿಶ್ರಣಕ್ಕೆ ಒಪ್ಪಿಸದೆ, 50 ಚೀಲಗಳನ್ನು ಹಳೆಯ ಮಿಶ್ರಣದ 50 ಚೀಲಗಳ ಪಕ್ಕದಲ್ಲಿ, ಒಂದೇ ಚಪ್ಪರದಡಿ ಬೆಳೆಸಿ, ಜೂನ್ ತಿಂಗಳಲ್ಲಿ ಎರಡೂ ಕಡೆಯ ಕೆಲವು ಚೀಲಗಳನ್ನು ಸೀಳಿ ಬೇರುಗಳನ್ನು ಹೋಲಿಸಿ ನೋಡುವುದು ಯುಕ್ತ.