ಓದಿನ ಗುರಿ, ಪುಸ್ತಕದ ಸರದಿ

ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಕ್ಕೆ ಬರುವ ಓದುಗರಲ್ಲಿ ಹಲವರು ಯುಗಾದಿಗೋ ಹೊಸ ವರ್ಷಕ್ಕೋ ಒಂದು ಸಂಕಲ್ಪ ಮಾಡಿಕೊಳ್ಳುವುದುಂಟು: ಈ ವರ್ಷ 25 ಪುಸ್ತಕ ಓದಬೇಕು, ಸಾಧ್ಯವಾದರೆ 50. ಮೊದಲ ಪುಸ್ತಕ ಹುರುಪಿನಲ್ಲಿಯೇ ಮುಗಿಯುತ್ತದೆ. ಎರಡನೆಯದು ಅರ್ಧಕ್ಕೆ ಬರುವಷ್ಟರಲ್ಲಿ ನೆಂಟರ ಮನೆಯ ಮದುವೆ, ಮಕ್ಕಳ ಪರೀಕ್ಷೆ, ಹೊಲದ ಕೆಲಸ ಒಂದರ ಹಿಂದೊಂದು ಬರುತ್ತವೆ. ಪುಸ್ತಕ ಗೋಡೆಯ ಗೂಡು ಸೇರುತ್ತದೆ. ಅದೇ ಪುಸ್ತಕವನ್ನು ಅರಸಿ ಕೇಂದ್ರಕ್ಕೆ ಬಂದ ಮತ್ತೊಬ್ಬರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಒಬ್ಬರ ನಿಂತುಹೋದ ಓದು ಇನ್ನೊಬ್ಬರ ಓದನ್ನೂ ನಿಲ್ಲಿಸುತ್ತದೆ ಎಂಬ ಅಂಶ ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ಓದುಗನು ತನಗೆ ಹಾಕಿಕೊಳ್ಳುವ ಗುರಿ ಮತ್ತು ಪುಸ್ತಕವನ್ನು ಇತರರೊಡನೆ ಹಂಚಿಕೊಳ್ಳುವ ಕ್ರಮ, ಇವೆರಡನ್ನೂ ಒಟ್ಟಿಗೆ ಯೋಚಿಸಬೇಕಾದುದು ಈ ಕಾರಣದಿಂದ.

ಗುರಿಯನ್ನು ಪುಸ್ತಕಗಳ ಸಂಖ್ಯೆಯಲ್ಲಿ ಇಟ್ಟುಕೊಳ್ಳುವುದರಲ್ಲಿ ಒಂದು ದೋಷವಿದೆ. ಎಣಿಕೆ ಮುಖ್ಯವಾದೊಡನೆ ಓದುಗನ ಕೈ ತಾನಾಗಿಯೇ ತೆಳುವಾದ ಪುಸ್ತಕದ ಕಡೆಗೆ ಹೋಗುತ್ತದೆ. 1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಂತಹ ಬೃಹತ್ ಕೃತಿಯನ್ನು ಎತ್ತಿಕೊಂಡವರಿಗೆ ಮೂರು ತಿಂಗಳಾದರೂ ಲೆಕ್ಕಕ್ಕೆ ಸೇರುವುದು ಒಂದೇ ಪುಸ್ತಕ. ಆದ್ದರಿಂದ ಗುರಿ ಪುಟಗಳಲ್ಲಿರುವುದು ಲೇಸು. ದಿನಕ್ಕೆ 10 ಪುಟ ಎಂದರೆ ಹೆಚ್ಚಿನವರಿಗೆ ಅರ್ಧ ಗಂಟೆಯೊಳಗಿನ ಕೆಲಸ. ವರ್ಷದಲ್ಲಿ 65 ದಿನ ಓದು ತಪ್ಪಿತೆಂದು ಬಿಟ್ಟರೂ ಉಳಿದ 300 ದಿನಗಳಲ್ಲಿ 3,000 ಪುಟಗಳಾಗುತ್ತವೆ. 200 ಪುಟದ ಪುಸ್ತಕಗಳಾದರೆ 15. ಇದು ಸಣ್ಣ ಸಾಧನೆಯಲ್ಲ.

ಬಿಡುವ ದಿನಗಳು ಯಾವುವೆಂಬುದನ್ನೂ ಮೊದಲೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಮುಂಗಾರಿನ ಬಿತ್ತನೆ, ಕಳೆ, ಸುಗ್ಗಿ, ಊರ ಜಾತ್ರೆ ಇವು ಕೃಷಿಕ ಕುಟುಂಬದ ಓದುಗರಿಗೆ ಅನಿರೀಕ್ಷಿತ ಅಡಚಣೆಗಳಲ್ಲ. ಪ್ರತಿವರ್ಷವೂ ಬರುವಂತಹವು. ಆ ವಾರಗಳಲ್ಲಿ ಪುಸ್ತಕವನ್ನು ಮನೆಯಲ್ಲಿ ಇರಿಸಿಕೊಂಡು ಓದಲಾಗಲಿಲ್ಲವೆಂದು ಕೊರಗುವುದಕ್ಕಿಂತ, ಕೇಂದ್ರಕ್ಕೆ ಹಿಂತಿರುಗಿಸಿ ಬಿಡುವಾದಾಗ ಮತ್ತೆ ಪಡೆಯುವುದು ಸೂಕ್ತ. ನಿಲ್ಲಿಸಿದ ಪುಟದ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಸಾಕು.

ಓದು ನಿಲ್ಲಲು ಇನ್ನೊಂದು ಕಾರಣವಿದೆ. ಅದನ್ನು ಅನೇಕರು ಆಲಸ್ಯವೆಂದೇ ತಿಳಿದಿರುತ್ತಾರೆ. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುವುದು ಸಹಜ. ಜನರು ಇದನ್ನು ಚಾಳೀಸು ಎನ್ನುತ್ತಾರೆ. ಹೊಲ, ರಸ್ತೆ, ಬಸ್ಸಿನ ಫಲಕ ಎಲ್ಲವೂ ಸ್ಪಷ್ಟವಾಗಿ ಕಾಣುವುದರಿಂದ ಕಣ್ಣಿನಲ್ಲಿ ತೊಂದರೆಯಿದೆಯೆಂಬ ಅನುಮಾನ ಬರುವುದಿಲ್ಲ. ಪುಸ್ತಕ ಹಿಡಿದರೆ ತಲೆನೋವು, ನಾಲ್ಕು ಪುಟಕ್ಕೆ ನಿದ್ದೆ. ‘ಮೊದಲಿನ ಆಸಕ್ತಿ ಈಗಿಲ್ಲ’ ಎಂದುಕೊಂಡು ಓದನ್ನೇ ಬಿಟ್ಟವರಲ್ಲಿ ಎಷ್ಟೋ ಮಂದಿಗೆ ಬೇಕಾದುದು ಒಂದು ಕಣ್ಣಿನ ಪರೀಕ್ಷೆ ಮತ್ತು ಕನ್ನಡಕ.

ಇನ್ನು ಹಂಚಿಕೆಯ ವಿಚಾರ. ಒಂಟಿಯಾಗಿ ಮಾಡಿಕೊಂಡ ಸಂಕಲ್ಪಕ್ಕೆ ಕೇಳುವವರಿರುವುದಿಲ್ಲ, ಸರದಿಗೆ ಕೇಳುವವರಿರುತ್ತಾರೆ. ಸ್ವಸಹಾಯ ಸಂಘದ ಐವರು ಸದಸ್ಯೆಯರು ಸೇರಿ ಐದು ಪುಸ್ತಕಗಳನ್ನು ಆರಿಸಿಕೊಳ್ಳುತ್ತಾರೆಂದು ಭಾವಿಸಿದರೆ, ಪ್ರತಿಯೊಬ್ಬರಿಗೂ ಒಂದು ಪುಸ್ತಕಕ್ಕೆ 21 ದಿನ ಸಿಕ್ಕರೂ 105 ದಿನಗಳಲ್ಲಿ ಐದೂ ಪುಸ್ತಕಗಳು ಐವರ ಕೈಯಲ್ಲೂ ಸುತ್ತಿ ಬಂದಿರುತ್ತವೆ. ಒಟ್ಟು 25 ಓದು. ‘ಅಕ್ಕಾ, ನಿಮ್ಮ ಪುಸ್ತಕ ಎಲ್ಲಿಗೆ ಬಂತು? ಸೋಮವಾರ ನನ್ನ ಸರದಿ’ ಎಂಬ ಒಂದು ಮಾತು, ಡೈರಿಯಲ್ಲಿ ಬರೆದಿಟ್ಟ ಗುರಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಗಡುವಿನೊಳಗೆ ಮುಗಿಯದಿದ್ದರೂ ಪುಸ್ತಕ ಮುಂದಕ್ಕೆ ಹೋಗಲೇಬೇಕು, ಉಳಿದ ಭಾಗವನ್ನು ಸುತ್ತು ಮುಗಿದ ಮೇಲೆ ಓದಬೇಕು ಎಂಬ ನಿಯಮವನ್ನು ಸಡಿಲಿಸಬಾರದು. ಒಬ್ಬರಿಗೆ ಸಡಿಲಿಸಿದರೆ ಇಡೀ ಸುತ್ತು ನಿಲ್ಲುತ್ತದೆ.

ಪುಸ್ತಕವು ಗ್ರಂಥಾಲಯದ್ದಾಗಿದ್ದರೆ ಕೈಯಿಂದ ಕೈಗೆ ನೇರವಾಗಿ ದಾಟಿಸುವುದು ಸರಿಯಲ್ಲ. ಎರವಲು ವಹಿಯಲ್ಲಿ ಮೊದಲನೆಯವರ ಹೆಸರೇ ಉಳಿದು, ಪುಸ್ತಕ ನಾಲ್ಕನೆಯವರ ಮನೆಯಲ್ಲಿರುವಾಗ ಹೊಣೆ ಯಾರದೆಂಬ ತಕರಾರು ಹುಟ್ಟುತ್ತದೆ. ಪ್ರತಿ ಬಾರಿಯೂ ಕೇಂದ್ರದಲ್ಲಿ ಹಿಂತಿರುಗಿಸಿ, ಮುಂದಿನವರ ಹೆಸರಿಗೆ ಬರೆಸಿಕೊಳ್ಳಬೇಕು. ಸ್ವಂತ ಪುಸ್ತಕಗಳಿಗೂ ಕೊಟ್ಟ ದಿನ, ಪಡೆದವರ ಹೆಸರು, ಮರಳಿದ ದಿನ ಎಂಬ ಮೂರು ಕಲಮುಗಳ ಒಂದು ಹಳೆಯ ನೋಟ್ ಪುಸ್ತಕ ಸಾಕು. ಸ್ನೇಹಿತರ ನಡುವೆ ಲೆಕ್ಕವೇಕೆಂಬ ಸಂಕೋಚ ಸಹಜವಾದರೂ, ಲೆಕ್ಕವಿಲ್ಲದೆ ಕೊಟ್ಟ ಪುಸ್ತಕಗಳಿಂದ ಮುರಿದ ಸ್ನೇಹಗಳೂ ಇವೆ.

ಎರವಲು ನೀಡುವವರ ಕಡೆಯಿಂದಲೂ ಒಂದು ತೊಡಕಿದೆ. ಅದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಕಳೆದುಹೋದ ಪುಸ್ತಕದ ಬೆಲೆ ತನ್ನ ತಲೆಗೆ ಬಂದೀತೆಂಬ ಅಂಜಿಕೆಯಿಂದ ಕಪಾಟಿಗೆ ಬೀಗ ಹಾಕಿಡುವುದು ಸಣ್ಣ ಗ್ರಂಥಾಲಯಗಳಲ್ಲಿ ಕಾಣದ ಸಂಗತಿಯಲ್ಲ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಪ್ರಕಟಿಸಿದಾಗ, ಪುಸ್ತಕದ ಬಳಕೆಯನ್ನು ಕುರಿತ ಸೂತ್ರವನ್ನೇ ಮೊದಲಿಗಿಟ್ಟರು. ಒಂದು ಕಾಲದಲ್ಲಿ ಯೂರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಬಿಗಿದಿಡುತ್ತಿದ್ದುದನ್ನು ಅವರು ಆ ಸಂದರ್ಭದಲ್ಲಿ ನೆನಪಿಸಿದ್ದರು. ಅದೇ ವರ್ಷ ತಮಿಳುನಾಡಿನ ಮನ್ನಾರ್‌ಗುಡಿಯ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯ ಮೇಲೆ ಪುಸ್ತಕಗಳು ಹೊರಟವು. ಕನ್ನಡನಾಡಿನಲ್ಲಿ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿದ್ದರು. ಪುಸ್ತಕ ಹೊರಗೆ ಹೋದರೆ ಕೆಲವು ಹರಿಯುತ್ತವೆ, ಕೆಲವು ಮರಳುವುದಿಲ್ಲ. ಒಂಬತ್ತು ಮಂದಿ ಓದಿ ಹತ್ತನೆಯವರ ಕೈಯಲ್ಲಿ ಕಳೆದ ಪುಸ್ತಕ ದಾಸ್ತಾನು ವಹಿಯಲ್ಲಿ ನಷ್ಟವೆಂದು ಕಾಣುತ್ತದೆ. ಯಾರೂ ಮುಟ್ಟದೆ ಕಪಾಟಿನಲ್ಲಿ ಗೆದ್ದಲಿಗೆ ದಾರಿ ನೋಡುತ್ತಿರುವ ಪುಸ್ತಕ ಅದೇ ವಹಿಯಲ್ಲಿ ಸುರಕ್ಷಿತವೆಂದು ಕಾಣುತ್ತದೆ. ವಹಿಯ ಈ ಕುರುಡನ್ನು ಗ್ರಾಮ ಪಂಚಾಯಿತಿಗಳು ಅರಿತು ಮೇಲ್ವಿಚಾರಕರ ಅಂಜಿಕೆಯನ್ನು ನಿವಾರಿಸದ ಹೊರತು ಓದುಗರ ಸಂಕಲ್ಪ ಮಾತ್ರದಿಂದ ಏನೂ ಆಗದು.

ರಾಜ್ಯದ ಗ್ರಾಮೀಣ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದವು. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಮಗು ತನ್ನ ಹೆಸರಿನಲ್ಲಿ ಮನೆಗೆ ತಂದ ಪುಸ್ತಕವನ್ನು ತಾಯಿಯೂ ಅಜ್ಜಿಯೂ ಓದುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಅಜ್ಜಿಗೆ ಅಕ್ಷರ ಬಾರದಿದ್ದರೆ ಮಗುವೇ ಓದಿ ಹೇಳಬಹುದು. ಜೈಮಿನಿ ಭಾರತ, ಕುಮಾರವ್ಯಾಸ ಭಾರತಗಳನ್ನು ಒಬ್ಬರು ವಾಚಿಸಿ ಮತ್ತೊಬ್ಬರು ಅರ್ಥ ಹೇಳುತ್ತಿದ್ದ ಜಗಲಿಗಳಲ್ಲಿ ಕೇಳುಗರೆಲ್ಲರೂ ಅಕ್ಷರಸ್ಥರಾಗಿರಲಿಲ್ಲ. ಕಾವ್ಯವನ್ನು ಮಾತ್ರ ಬಲ್ಲವರಾಗಿದ್ದರು. ಹೀಗೆ ಓದಿ ಹೇಳಿದ ಪುಟಗಳನ್ನು ದಿನದ 10 ಪುಟಗಳ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. ಅವಸರದಲ್ಲಿ ತಾನೊಬ್ಬನೇ ಓದಿದ ಪುಟಕ್ಕಿಂತ ಅದು ಹೆಚ್ಚು ಗಟ್ಟಿಯಾದ ಓದು.

ಹಂಚಿಕೆಯ ಹೆಸರಿನಲ್ಲಿ ಈಚೆಗೆ ಕಾಣುತ್ತಿರುವ ಒಂದು ರೂಢಿಯ ಬಗ್ಗೆ ಎಚ್ಚರ ಅಗತ್ಯ. ಪುಸ್ತಕದ ಪುಟಗಳನ್ನೆಲ್ಲ ಮೊಬೈಲಿನಲ್ಲಿ ಸೆರೆಹಿಡಿದು ಪಿಡಿಎಫ್ ಮಾಡಿ ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳುಹಿಸುವುದು ಎರವಲು ಕೊಟ್ಟಂತಲ್ಲ. ಅದು ಅನಧಿಕೃತ ಪ್ರತಿ. ಭಾರತದ ಕಾನೂನಿನಂತೆ ಲೇಖಕರು ನಿಧನರಾದ ನಂತರವೂ 60 ವರ್ಷಗಳವರೆಗೆ ಕೃತಿಯ ಹಕ್ಕುಸ್ವಾಮ್ಯ ಉಳಿದಿರುತ್ತದೆ. 1942ರಲ್ಲಿ ತೀರಿಕೊಂಡ ಗಳಗನಾಥರ ಕೃತಿಗಳು ಈಗ ಮುಕ್ತವಾಗಿವೆ. 1994ರಲ್ಲಿ ನಿಧನರಾದ ಕುವೆಂಪು, 1997ರಲ್ಲಿ ನಿಧನರಾದ ಶಿವರಾಮ ಕಾರಂತರ ಕೃತಿಗಳು ಮುಕ್ತವಾಗಿಲ್ಲ. ಕೊಂಡ ಪುಸ್ತಕವನ್ನು ಹತ್ತು ಮಂದಿಗೆ ಓದಲು ಕೊಡುವುದಕ್ಕೆ ಮಾತ್ರ ಯಾವ ನಿರ್ಬಂಧವೂ ಇಲ್ಲ.

ಸರದಿ ಗುಂಪನ್ನು ಹೊಸದಾಗಿ ಆರಂಭಿಸುವವರು ಐದಾರು ಮಂದಿಗಿಂತ ಹೆಚ್ಚಿನವರನ್ನು ಮೊದಲ ಸುತ್ತಿಗೆ ಸೇರಿಸಿಕೊಳ್ಳದಿರುವುದು ಒಳಿತು. ಪುಸ್ತಕಗಳಲ್ಲಿ ಒಂದಾದರೂ 100 ಪುಟದೊಳಗಿನದಾಗಿರಲಿ. ಬಹುಕಾಲದ ನಂತರ ಓದಿಗೆ ಮರಳುವವರ ಸರದಿಗೆ ಮೊದಲು ಅದೇ ಬರುವಂತೆ ನೋಡಿಕೊಳ್ಳಬೇಕು. ಎಲ್ಲರೂ ಭೇಟಿಯಾಗುವ ದಿನ ಸಂಘದ ವಾರದ ಸಭೆಯ ದಿನವೇ ಆಗಿದ್ದರೆ ಅದಕ್ಕಾಗಿ ಪ್ರತ್ಯೇಕವಾಗಿ ಮನೆ ಬಿಟ್ಟು ಬರುವ ಅಗತ್ಯವಿರುವುದಿಲ್ಲ.